ಗಂಟು ತೆಗೆದ ಮೇಲೆ ವಿಕಿರಣ ಚಿಕಿತ್ಸೆ ಬೇಕೇ?

"ಡಾಕ್ಟ್ರೇ, ಗಂಟು ತೆಗ್ದೀರಿ, ಎಲ್ಲಾ ಸಾಫ್ ಆಗ್ಯಾದ ಅಂತ ನೀವೇ ಹೇಳೀರಿ. ಮತ್ತ ಈ ಕರೆಂಟ್ ಯಾತಕ್ರೀ?"

ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಮುಗಿಸಿ, ಹೊಲಿಗೆ ಬಿಚ್ಚಿಸಿಕೊಳ್ಳಲು ಬಂದ ತಾಯಂದಿರು ಮತ್ತು ಅವರ ಜೊತೆ ಬಂದ ಮಗ, ಸೊಸೆ, ತಮ್ಮಂದಿರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು. ಕೇಳಲೇಬೇಕಾದ ಪ್ರಶ್ನೆಯೂ ಹೌದು. ಆದರೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ಕೆಲವರಿಗೆ ವಿಕಿರಣ ಖಂಡಿತ ಬೇಕು, ಕೆಲವರಿಗೆ ಬೇಡ, ಇನ್ನು ಕೆಲವರು ವೈದ್ಯರ ಜೊತೆ ಕುಳಿತು ಲಾಭ ನಷ್ಟ ನೋಡಿ ನಿರ್ಧರಿಸಬೇಕು. ತಾವು ಯಾವ ಗುಂಪಿನವರು ಎಂದು ತಿಳಿಯಲು ಈ ಬರಹ ನೆರವಾಗಬಹುದು.

ಮೊದಲು "ಕರೆಂಟ್" ಎಂಬ ಮಾತನ್ನು ಬಿಡೋಣ. ಈ ಹೆಸರು ಕೇಳಿಯೇ ಎಷ್ಟೋ ಜನ ಹೆದರಿ ಮನೆಗೆ ಹೋಗುತ್ತಾರೆ. ಇಲ್ಲಿ ಮೈಗೆ ವಿದ್ಯುತ್ ಹಾಯಿಸುವುದಿಲ್ಲ. ಎಕ್ಸ್‌ರೇ ಜಾತಿಯ, ಆದರೆ ಅದಕ್ಕಿಂತ ಬಹಳ ಬಲವಾದ ಕಿರಣಗಳನ್ನು ಅಳತೆ ಮಾಡಿ ನಿಗದಿತ ಜಾಗಕ್ಕೆ ಮಾತ್ರ ಬಿಡುತ್ತಾರೆ. ನೋವಿಲ್ಲ, ಝುಮ್ಮೆನ್ನುವುದಿಲ್ಲ. ಮೇಜಿನ ಮೇಲೆ ಹತ್ತು ಹದಿನೈದು ನಿಮಿಷ ಅಲುಗಾಡದೆ ಮಲಗಿದ್ದು ಎದ್ದು ಬರುವುದು, ಅಷ್ಟೇ.

ಇನ್ನು, ಏಕೆ ಬೇಕು ಎಂಬುದು. ಹೊಲದಲ್ಲಿ ಕರಿಕೆ ಕಿತ್ತವರಿಗೆ ಇದು ಬೇಗ ಅರ್ಥವಾಗುತ್ತದೆ. ಕಂಡದ್ದನ್ನೆಲ್ಲ ಅಗೆದು ತೆಗೆದರೂ ಎರೆ ಮಣ್ಣಿನೊಳಗೆ ಬೇರಿನ ಒಂದು ತುಣುಕು ಉಳಿದಿರಬಹುದು. ಮಳೆ ಬಿದ್ದ ಮೇಲೆಯೇ ಅದು ಗೊತ್ತಾಗುವುದು. "ಅಂಚು ಸ್ವಚ್ಛವಾಗಿದೆ" ಎಂದು ಪೆಥಾಲಜಿ ವರದಿ ಬಂದರೆ, ಕತ್ತರಿಸಿದ ತುಂಡಿನ ಅಂಚಿನಲ್ಲಿ ರೋಗದ ಕೋಶಗಳು ಕಾಣಲಿಲ್ಲ ಎಂದರ್ಥ. ಉಳಿದ ಸ್ತನದಲ್ಲಿ ಒಂದು ಕೋಶವೂ ಇಲ್ಲ ಎಂದು ಯಾವ ಸ್ಕ್ಯಾನ್ ಕೂಡ ಹೇಳಲಾರದು. (ಅಂಚಿನಲ್ಲಿ ರೋಗ ಇದೆ ಎಂದು ವರದಿ ಬಂದಿದ್ದರೆ ಸಾಮಾನ್ಯವಾಗಿ ಮತ್ತೊಮ್ಮೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಆ ಕೆಲಸವನ್ನು ವಿಕಿರಣ ಮಾಡುತ್ತದೆ ಎಂದು ಸುಮ್ಮನಿರಬಾರದು.)

ಸ್ತನವನ್ನು ಉಳಿಸಿ ಗಂಟನ್ನಷ್ಟೇ ತೆಗೆಸಿಕೊಂಡ 10,801 ಮಹಿಳೆಯರ ಲೆಕ್ಕವನ್ನು 17 ಅಧ್ಯಯನಗಳಿಂದ ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಲಾಯಿತು. ವಿಕಿರಣ ಪಡೆಯದ 100 ಮಂದಿಯಲ್ಲಿ 35 ಮಂದಿಗೆ ಹತ್ತು ವರ್ಷದೊಳಗೆ ರೋಗ ಸ್ತನದಲ್ಲೋ ಬೇರೆಡೆಯೋ ಮರಳಿತು. ಪಡೆದವರಲ್ಲಿ ಹೀಗಾದದ್ದು 19 ಮಂದಿಗೆ. ಹದಿನೈದು ವರ್ಷದೊಳಗೆ ಈ ರೋಗದಿಂದಲೇ ತೀರಿಕೊಂಡವರು ಮೊದಲನೆಯ ಗುಂಪಿನಲ್ಲಿ ನೂರಕ್ಕೆ 25, ಎರಡನೆಯದರಲ್ಲಿ 21. ಆಮೇಲೆ ಔಷಧಗಳು ಸುಧಾರಿಸಿವೆ, ಆದ್ದರಿಂದ ಇಂದು ಈ ಸಂಖ್ಯೆಗಳು ಎರಡೂ ಕಡೆ ಕಡಿಮೆ. ಆದರೂ ವಿಕಿರಣದಿಂದ ರೋಗ ಮರಳುವುದು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬ ಮಾತು ನಿಂತಿದೆ.

ಶಸ್ತ್ರಚಿಕಿತ್ಸೆ ಇನ್ನೂ ಆಗದವರು ಇದನ್ನು ಓದುತ್ತಿದ್ದರೆ ಅವರಿಗೆ ಒಂದು ಮಾತು. "ದಿನಾ ಓಡಾಡುವುದು ಯಾರಿಂದ ಆಗುತ್ತದೆ, ಇಡೀ ಸ್ತನವನ್ನೇ ತೆಗೆದುಬಿಡಿ" ಎಂದು ಹಳ್ಳಿಗಳಿಂದ ಬಂದವರು ಹೇಳುವುದುಂಟು. ಅದು ತಪ್ಪೇನಲ್ಲ. ಇಟಲಿಯ ಮಿಲಾನಿನಲ್ಲಿ 1973ರಿಂದ ಮತ್ತು ಅಮೆರಿಕದಲ್ಲಿ 1976ರಿಂದ ನಡೆದ ಎರಡು ಅಧ್ಯಯನಗಳ ಇಪ್ಪತ್ತು ವರ್ಷದ ಫಲಿತಾಂಶ 2002ರಲ್ಲಿ ಬಂತು. ಇಡೀ ಸ್ತನ ತೆಗೆಸಿದವರೂ, ಸ್ತನ ಉಳಿಸಿ ವಿಕಿರಣ ಪಡೆದವರೂ ಒಂದೇ ಪ್ರಮಾಣದಲ್ಲಿ ಬದುಕಿದ್ದರು. ಹಾಗಾಗಿ ಆಯ್ಕೆ ನಿಮ್ಮದು. ಆದರೆ ಓಡಾಟ ತಪ್ಪಿಸಲೆಂದೇ ಸ್ತನ ತೆಗೆಸುವ ಮೊದಲು ಎರಡು ವಿಷಯ ತಿಳಿದಿರಲಿ: ಇಡೀ ಸ್ತನ ತೆಗೆದ ಮೇಲೂ ಕೆಲವರಿಗೆ ವಿಕಿರಣ ಬೇಕಾಗುತ್ತದೆ, ಮತ್ತು ಹಿಂದಿನಂತೆ ಈಗ ಐದಾರು ವಾರ ಓಡಾಡಬೇಕಿಲ್ಲ.

ಇಡೀ ಸ್ತನ ತೆಗೆದವರಲ್ಲಿ ಯಾರಿಗೆ ಬೇಕು? ಗಂಟು 5 ಸೆಂ.ಮೀ.ಗಿಂತ ದೊಡ್ಡದಿದ್ದು ಕಂಕುಳಿಗೂ ಹರಡಿದ್ದರೆ, ಚರ್ಮ ಅಥವಾ ಎದೆಗೋಡೆಯನ್ನು ಹಿಡಿದಿದ್ದರೆ, ಕಂಕುಳಿನ ನಾಲ್ಕು ಅಥವಾ ಹೆಚ್ಚು ಗ್ರಂಥಿಗಳಲ್ಲಿ ರೋಗವಿದ್ದರೆ ಬೇಕು. ಗಂಟು ಸಣ್ಣದಿದ್ದು ಗ್ರಂಥಿಗಳು ಸ್ವಚ್ಛವಿದ್ದರೆ ಸಾಮಾನ್ಯವಾಗಿ ಬೇಡ. ಒಂದರಿಂದ ಮೂರು ಗ್ರಂಥಿಗಳಲ್ಲಿ ರೋಗವಿದ್ದವರ ಬಗ್ಗೆ ವೈದ್ಯರಲ್ಲೇ ಬಹುಕಾಲ ಚರ್ಚೆಯಿತ್ತು. ಇಂಥವರೂ ಸೇರಿದ್ದ ದೊಡ್ಡ ಅಧ್ಯಯನವೊಂದು 2025ರಲ್ಲಿ ಪ್ರಕಟವಾಗಿದ್ದು, ಹತ್ತು ವರ್ಷದ ನಂತರ ಬದುಕಿದ್ದವರ ಪ್ರಮಾಣದಲ್ಲಿ ವಿಕಿರಣ ಪಡೆದವರಿಗೂ ಪಡೆಯದವರಿಗೂ ವ್ಯತ್ಯಾಸ ಕಾಣಲಿಲ್ಲ. ಹೀಗಾಗಿ ಈ ಗುಂಪಿನವರು "ನನಗೆ ಏಕೆ ಬೇಕು ಎನ್ನುತ್ತೀರಿ?" ಎಂದು ಬಿಚ್ಚಿ ಕೇಳಬೇಕು. ಶಸ್ತ್ರಚಿಕಿತ್ಸೆಗೆ ಮೊದಲೇ ಕೀಮೋ ಪಡೆದವರ ಲೆಕ್ಕ ಬೇರೆ. ಅವರಲ್ಲಿ ಕೀಮೋಗೆ ಮುಂಚೆ ರೋಗ ಎಷ್ಟಿತ್ತು ಎಂಬುದನ್ನೂ ನೋಡುತ್ತಾರೆ, ಆದ್ದರಿಂದ ಹಳೆಯ ಸ್ಕ್ಯಾನ್‌ಗಳನ್ನು ಎಸೆಯಬೇಡಿ.

ಈಗ ಇಬ್ಬರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳೋಣ. ಇವರು ನಿಜವಾದ ರೋಗಿಗಳಲ್ಲ, ತಿಳಿಯಲು ಅನುಕೂಲವಾಗಲೆಂದು ಹೇಳುವ ಉದಾಹರಣೆಗಳು.

ಮೊದಲನೆಯವರು ಕಮಲಾಪುರದವರು, 46 ವರ್ಷ. ಎರಡೂವರೆ ಸೆಂ.ಮೀ. ಗಂಟು ತೆಗೆದಿದ್ದಾರೆ, ಸ್ತನ ಉಳಿದಿದೆ, ಗ್ರಂಥಿಗಳಲ್ಲಿ ರೋಗವಿಲ್ಲ. ಇವರಿಗೆ ವಿಕಿರಣ ಬೇಕು. ವಯಸ್ಸು ಕಡಿಮೆ ಇದ್ದಷ್ಟು ಅದೇ ಸ್ತನದಲ್ಲಿ ರೋಗ ಮರಳುವ ಸಂಭವ ಹೆಚ್ಚು, ಮುಂದೆ ಬಾಳಬೇಕಾದ ವರ್ಷಗಳೂ ಹೆಚ್ಚು. ಗಂಟು ಇದ್ದ ಜಾಗಕ್ಕೆ ಕೊನೆಯಲ್ಲಿ ಸ್ವಲ್ಪ ಹೆಚ್ಚುವರಿ ಪ್ರಮಾಣವನ್ನೂ ಕೊಡಬಹುದು. ಇಂಥವರು "ನೋಡೋಣ" ಎನ್ನುತ್ತ ಕೂಡಬಾರದು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಎರಡನೆಯವರು ಕಲಬುರಗಿ ನಗರದವರು, 72 ವರ್ಷ. ಒಂದೂವರೆ ಸೆಂ.ಮೀ. ಗಂಟು, ಅಂಚು ಸ್ವಚ್ಛ, ಗ್ರಂಥಿಗಳು ಸ್ವಚ್ಛ, ಹಾರ್ಮೋನ್ ಪರೀಕ್ಷೆ ಪಾಸಿಟಿವ್. ಇವರಿಗೆ ನಿಜವಾದ ಆಯ್ಕೆ ಇದೆ. 65 ವರ್ಷ ದಾಟಿದ ಇಂಥ 1,326 ಮಹಿಳೆಯರ ಅಧ್ಯಯನದ ಹತ್ತು ವರ್ಷದ ಫಲಿತಾಂಶ 2023ರಲ್ಲಿ ಬಂತು. ವಿಕಿರಣ ಬಿಟ್ಟವರಲ್ಲಿ ನೂರಕ್ಕೆ ಸುಮಾರು 9-10 ಮಂದಿಗೆ ಅದೇ ಸ್ತನದಲ್ಲಿ ರೋಗ ಮರಳಿತು; ಪಡೆದವರಲ್ಲಿ ಸುಮಾರು ಒಬ್ಬರಿಗೆ. ಆದರೆ ಬದುಕಿದ್ದವರ ಸಂಖ್ಯೆ ಎರಡು ಗುಂಪಿನಲ್ಲೂ ಒಂದೇ, ನೂರಕ್ಕೆ ಸುಮಾರು 81. ಅಂದರೆ ಈ ತಾಯಿ ವಿಕಿರಣ ಬಿಟ್ಟರೆ ಆಯುಸ್ಸು ಕಡಿಮೆಯಾಗುವುದಿಲ್ಲ. ಆದರೆ ಮುಂದೊಮ್ಮೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುವ ಸಂಭವ ಸ್ವಲ್ಪ ಹೆಚ್ಚುತ್ತದೆ. ಒಬ್ಬರಿಗೆ ಅದು ಸರಿ ಎನಿಸೀತು, ಇನ್ನೊಬ್ಬರಿಗೆ ಆ ಚಿಂತೆಯೇ ಬೇಡ ಎನಿಸೀತು. ಎರಡೂ ಸರಿಯೇ.

ಇಲ್ಲೊಂದು ಷರತ್ತನ್ನು ಮರೆಯಬಾರದು. ಆ ಅಧ್ಯಯನದ ಎಲ್ಲರಿಗೂ ಐದು ವರ್ಷದ ಹಾರ್ಮೋನ್ ಮಾತ್ರೆ ಸೂಚಿಸಲಾಗಿತ್ತು. ವಿಕಿರಣವನ್ನೂ ಬಿಟ್ಟು, ಆರು ತಿಂಗಳಾದ ಮೇಲೆ "ಮೊಣಕಾಲು ನೋಯ್ತಾವ" ಎಂದು ಮಾತ್ರೆಯನ್ನೂ ಬಿಟ್ಟರೆ ಈ ಲೆಕ್ಕ ಅನ್ವಯಿಸುವುದಿಲ್ಲ. ಮಾತ್ರೆ ನಿಯಮಿತವಾಗಿ ನುಂಗುವುದು ಕಷ್ಟ ಎನ್ನುವವರು ವಿಕಿರಣ ಪಡೆಯುವುದೇ ಮೇಲು. ಇನ್ನೊಂದು ಮಾತು: ನಮ್ಮ ದೇಶದಲ್ಲಿ ಈ ರೋಗ ಪಾಶ್ಚಾತ್ಯ ದೇಶಗಳಿಗಿಂತ ಸುಮಾರು ಹತ್ತು ವರ್ಷ ಮುಂಚೆಯೇ ಕಾಣಿಸಿಕೊಳ್ಳುತ್ತದೆ. ಆದ್ದರಿಂದ "ವಿಕಿರಣ ಬಿಡಬಹುದಂತೆ" ಎಂಬ ಸುದ್ದಿ ಎಲ್ಲೋ ಓದಿ, ನಲವತ್ತೈದು ವರ್ಷದವರು ಅದನ್ನು ತಮಗೆ ಹೊಂದಿಸಿಕೊಳ್ಳಬಾರದು.

ಬಂಧುಗಳಿಗೆ ಒಂದು ಬಿನ್ನಹ. "ಅವ್ವಗ ಏನೂ ಹೇಳಬ್ಯಾಡ್ರಿ, ನಮಗಷ್ಟೇ ಹೇಳ್ರಿ" ಎಂದು ಬಾಗಿಲ ಹೊರಗೆ ಕರೆದು ಕೇಳುತ್ತೀರಿ. ಪ್ರೀತಿಯಿಂದಲೇ ಕೇಳುತ್ತೀರಿ, ಗೊತ್ತು. ಆದರೆ ಕ್ಯಾನ್ಸರ್ ಆಸ್ಪತ್ರೆಯ ಬೋರ್ಡಿನ ಕೆಳಗೆ ದಿನವೂ ಹಾದುಹೋಗುವ ತಾಯಿಗೆ ಗೊತ್ತಾಗದೆ ಇರುವುದಿಲ್ಲ. ಏನು ರೋಗವೆಂದು ತಿಳಿಯದವಳು ಐದು ವರ್ಷ ಮಾತ್ರೆಯನ್ನು ಏಕೆ ನುಂಗಿಯಾಳು? ಎದೆ ಅವಳದು, ನಿರ್ಧಾರದಲ್ಲಿ ಅವಳ ಮಾತೂ ಇರಬೇಕು.

ತೊಂದರೆಗಳೂ ಇವೆ, ಮುಚ್ಚಿಡುವಂಥದ್ದಲ್ಲ. ಎರಡನೆಯ ವಾರದಿಂದ ಸುಸ್ತು, ಚರ್ಮ ಕೆಂಪಾಗಿ ಆಮೇಲೆ ಕಪ್ಪಾಗುವುದು, ತುರಿಕೆ, ಸ್ತನದ ಕೆಳಮಡಿಕೆಯಲ್ಲಿ ಕೆಲವರಿಗೆ ಸಿಪ್ಪೆ ಏಳುವುದು. ಮುಗಿದ ಕೆಲವು ವಾರಗಳಲ್ಲಿ ಇವು ಇಳಿಯುತ್ತವೆ. ವರ್ಷಗಳ ನಂತರ ಸ್ತನ ಸ್ವಲ್ಪ ಗಟ್ಟಿಯಾಗಬಹುದು, ಚಿಕ್ಕದಾಗಬಹುದು. ಕಂಕುಳಿಗೂ ಕಿರಣ ಕೊಟ್ಟರೆ ಕೈ ಬಾವು ಬರುವ ಸಂಭವ ಹೆಚ್ಚು. ಎಡ ಸ್ತನವಾದರೆ ಹೃದಯ ಹತ್ತಿರವಿರುತ್ತದೆ. ಉಸಿರು ಹಿಡಿದು ಚಿಕಿತ್ಸೆ ಪಡೆಯುವ ವಿಧಾನದಿಂದ ಹೃದಯಕ್ಕೆ ತಗಲುವ ಕಿರಣ ಕಡಿಮೆಯಾಗುತ್ತದೆ, ಆ ಸೌಲಭ್ಯವಿದೆಯೇ ಎಂದು ಕೇಳಿ. ಬೀಡಿ ಸಿಗರೇಟು ಸೇದುವವರಿಗೆ ಮುಂದೆ ಶ್ವಾಸಕೋಶದ ಅಪಾಯ ಹೆಚ್ಚು, ಬಿಡಲೇಬೇಕು. ಗರ್ಭಿಣಿಯರಿಗೆ ವಿಕಿರಣ ಕೊಡುವುದಿಲ್ಲ. ಮುಟ್ಟು ತಪ್ಪಿದ್ದರೆ ನಾಚಿಕೆಪಡದೆ ಮೊದಲೇ ಹೇಳಬೇಕು. ಇನ್ನು ತಲೆಗೂದಲು ಉದುರುವುದು ಕೀಮೋದಿಂದ, ಎದೆಗೆ ಕೊಡುವ ವಿಕಿರಣದಿಂದಲ್ಲ. ಚಿಕಿತ್ಸೆ ಪಡೆದವರ ಮೈಯಿಂದ ಕಿರಣ ಹೊರಬರುವುದಿಲ್ಲ. ಮೊಮ್ಮಗುವನ್ನು ಎತ್ತಿಕೊಳ್ಳಬಹುದು, ರೊಟ್ಟಿ ಬಡಿದು ಎಲ್ಲರಿಗೂ ಬಡಿಸಬಹುದು.

ಓಡಾಟದ ಮಾತಿಗೆ ಬರೋಣ. ಹಿಂದೆ ವಾರಕ್ಕೆ ಐದು ದಿನದಂತೆ 25 ಬಾರಿ ಕೊಡುತ್ತಿದ್ದರು. ಈಗ 15 ಬಾರಿ, ಅಂದರೆ ಮೂರು ವಾರ ಸಾಕೆಂಬುದು ಸಾಬೀತಾಗಿದೆ. 2020ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದ ನಂತರ ಕೆಲವರಿಗೆ ಒಂದೇ ವಾರದಲ್ಲಿ ಐದು ಬಾರಿ ಕೊಟ್ಟು ಮುಗಿಸುವುದೂ ಇದೆ. ನಿಮಗೆ ಯಾವುದು ಎಂದು ಕೇಳಿ. ಕಮಲಾಪುರದಿಂದ ಕಲಬುರಗಿಗೆ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿ.ಮೀ. ಬೆಳಿಗ್ಗೆ ಬಂದು ಮಧ್ಯಾಹ್ನ ಮನೆ ಸೇರಬಹುದಾದ ದೂರ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದರವಿಲ್ಲ. ಜೊತೆಗೆ ಮಗಳೋ ಸೊಸೆಯೋ ಬಂದರೆ ಅವರಿಗೂ ಇಲ್ಲ. ಕಲಬುರಗಿಯಲ್ಲಿ ಕಿದ್ವಾಯಿ ಗ್ರಂಥಿ ಸಂಸ್ಥೆಯ ಕೇಂದ್ರವಿದೆ. ಬೆಂಗಳೂರಿಗೇ ಹೋಗಬೇಕು ಎಂದು ಸಾಲ ಮಾಡುವ ಮುನ್ನ ಅಲ್ಲಿ ವಿಚಾರಿಸಿ.

ಖರ್ಚಿನ ಬಗ್ಗೆ: ಬಡವರಿಗೆ ಇಂಥ ಚಿಕಿತ್ಸೆ ಉಚಿತವಾಗಿ ಕೊಡಿಸುವ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ಆರಂಭವಾದದ್ದೇ ನಮ್ಮ ಗುಲಬರ್ಗಾ ವಿಭಾಗದಲ್ಲಿ. 2018ರಿಂದ ಅದು ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಸೇರಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ. ಪಡಿತರ ಚೀಟಿ, ಆಧಾರ್ ತನ್ನಿ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಮೊದಲೇ ಪಡೆಯಿರಿ.

ಮೊದಲ ದಿನವೇ ಕಿರಣ ಕೊಡುವುದಿಲ್ಲ. ಸಿ.ಟಿ. ತೆಗೆದು, ಚರ್ಮದ ಮೇಲೆ ಗುರುತು ಹಾಕಿ, ಲೆಕ್ಕ ಮಾಡಿ ಆಮೇಲೆ ಕರೆಯುತ್ತಾರೆ. ಆಗ ಕೈಯನ್ನು ತಲೆಯ ಮೇಲೆ ಎತ್ತಿ ಮಲಗಬೇಕು. ಶಸ್ತ್ರಚಿಕಿತ್ಸೆಯ ನಂತರ ಹೇಳಿಕೊಟ್ಟ ತೋಳಿನ ವ್ಯಾಯಾಮ ಮಾಡದೆ ಕೈ ಕಟ್ಟಿಕೊಂಡು ಕೂತವರಿಗೆ ಇದು ಸಾಧ್ಯವಾಗದೆ ಚಿಕಿತ್ಸೆಯೇ ಮುಂದಕ್ಕೆ ಹೋಗುತ್ತದೆ. ಆ ಗುರುತುಗಳನ್ನು ಉಜ್ಜಬೇಡಿ. ಆ ಜಾಗಕ್ಕೆ ಅರಿಶಿನ, ಎಣ್ಣೆ, ಬೆಣ್ಣೆ, ಪೌಡರ್, ವಿಭೂತಿ ಹಚ್ಚಬೇಡಿ. ಬಿಗಿ ಕುಪ್ಪಸ ಬಿಟ್ಟು ಹತ್ತಿಯ ಸಡಿಲ ಬಟ್ಟೆ ತೊಡಿ. ನಮ್ಮ ಕಡೆಯ ಬೇಸಿಗೆಯಲ್ಲಿ ಬೆವರು ಚರ್ಮವನ್ನು ಬೇಗ ಕೆಡಿಸುತ್ತದೆ. ತಾಳಿ, ಸರ ಆ ಹೊತ್ತಿಗೆ ಎದೆಯ ಮೇಲೆ ಇರಕೂಡದು. ಇಷ್ಟಲಿಂಗ ಧರಿಸಿದವರು ಇದಕ್ಕಾಗಿಯೇ ಚಿಕಿತ್ಸೆ ಬೇಡವೆನ್ನಬೇಕಿಲ್ಲ. ಕಿರಣ ಬೀಳದ ಕಡೆ ಕಟ್ಟಿಕೊಳ್ಳಬಹುದೇ ಎಂದು ಸಿ.ಟಿ. ತೆಗೆಯುವ ಮುನ್ನವೇ ಸಿಬ್ಬಂದಿಯನ್ನು ಕೇಳಿ; ಆಮೇಲೆ ದಿನವೂ ಹಾಗೆಯೇ ಇರಬೇಕು.

ಕೀಮೋ ಇಲ್ಲದವರು ಶಸ್ತ್ರಚಿಕಿತ್ಸೆಯಾದ ಎರಡು ಮೂರು ತಿಂಗಳೊಳಗೆ ವಿಕಿರಣ ಶುರು ಮಾಡಬೇಕು. ಕೀಮೋ ಇದ್ದವರು ಅದು ಮುಗಿದ ಕೆಲವು ವಾರಕ್ಕೆ. ತೊಗರಿ ರಾಶಿ ಮುಗಿಯಲಿ, ಜಾತ್ರೆ ಮುಗಿಯಲಿ, ಮದುವೆ ಮುಗಿಯಲಿ ಎಂದು ಮುಂದೂಡಬೇಡಿ. ಶುರುವಾದ ಮೇಲೆ ಯಂತ್ರ ಕೆಟ್ಟು ಒಂದೆರಡು ದಿನ ತಪ್ಪಿದರೆ ಗಾಬರಿ ಬೇಡ, ಆ ದಿನಗಳನ್ನು ಕೊನೆಗೆ ಸೇರಿಸುತ್ತಾರೆ. ಚರ್ಮ ಕಪ್ಪಾಯಿತೆಂದು ಹೆದರಿ ನೀವಾಗಿಯೇ ಮನೆಯಲ್ಲಿ ಉಳಿಯಬೇಡಿ; ಅದೇ ದಿನ ಬಂದು ತೋರಿಸಿ.