ಪುಟ್ಟ ಕಾಡಿಗೆ ಹೊರಟಿದ್ದೀರಾ? ಒಂದು ಮಾತು ಕೇಳಿ ಹೋಗಿ

ಏಪ್ರಿಲ್ ಮುಗಿಯುತ್ತಾ ಬಂತೆಂದರೆ ಇಂಗ್ಲೆಂಡಿನ ಕನ್ನಡದ ಮನೆಗಳಲ್ಲಿ ಒಂದೇ ಮಾತು: "ಬ್ಲೂಬೆಲ್ ಹೂ ನೋಡೋಕೆ ಯಾವ ಕಾಡಿಗೆ ಹೋಗೋಣ?" ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ. ಮೇ ತಿಂಗಳ ಮೊದಲ ಸೋಮವಾರ ಎಲ್ಲರಿಗೂ ರಜೆ. ಡಬ್ಬಿಗೆ ಪುಳಿಯೋಗರೆ ತುಂಬಿಕೊಂಡು ಹೊರಟೇಬಿಡುತ್ತೀರಿ. ಹೋಗಿ, ಖಂಡಿತ ಹೋಗಿ. ದೇಶ ಸುತ್ತು, ಕೋಶ ಓದು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ವಾರವೆಲ್ಲ ಕಂಪ್ಯೂಟರ್ ಮುಂದೆ ಕೂತ ಕಣ್ಣಿಗೆ ಆ ಹಸಿರು ಬೇಕೇ ಬೇಕು. ಆದರೆ ಇಷ್ಟು ವರ್ಷ ಈ ಕಾಡುಗಳಲ್ಲಿ ಓಡಾಡಿದವಳಾಗಿ ನಿಮಗೆ ನಾಲ್ಕು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಇಲ್ಲಿಯ ಕಾಡು ನಮ್ಮ ಆಗುಂಬೆಯಂತೆ ಕಣ್ಣು ಹಾಯುವವರೆಗೂ ಹಬ್ಬಿರುವುದಲ್ಲ. ಹೊಲಗಳ ನಡುವೆ ಒಂದಿಷ್ಟು ಮರ, ಒಂದು ಗಂಟೆಯಲ್ಲಿ ಸುತ್ತಿ ಬರುವಷ್ಟು ಜಾಗ. ಚಿಕ್ಕದು ಎಂದು ಹಗುರವಾಗಿ ನೋಡಬೇಡಿ. ಕೇಂಬ್ರಿಡ್ಜಿನ ಪಶ್ಚಿಮಕ್ಕೆ ಹೇಲಿ ವುಡ್ ಎಂಬ ಕಾಡಿದೆ. 1251ರಲ್ಲಿ ಈಲಿಯ ಬಿಷಪ್ಪರ ಆಸ್ತಿ ಲೆಕ್ಕ ಬರೆದಾಗಲೇ ಅದರ ಹೆಸರು ಪುಸ್ತಕದಲ್ಲಿ ಸೇರಿತ್ತು. ಅಲ್ಲಿಯ ಹೇಜಲ್ ಗಿಡಗಳನ್ನು ಬುಡದವರೆಗೆ ಕಡಿಯುವುದು, ಅವು ಮತ್ತೆ ಚಿಗುರಿ ಕೋಲಾಗುವುದು, ಕೆಲವು ವರ್ಷ ಬಿಟ್ಟು ಮತ್ತೆ ಕಡಿಯುವುದು, ಹೀಗೆ ನೂರಾರು ವರ್ಷ ನಡೆದುಬಂದ ಪದ್ಧತಿ. ಅದಕ್ಕೆ ಇಲ್ಲಿ ಕಾಪಿಸಿಂಗ್ ಎನ್ನುತ್ತಾರೆ. ಕಡಿದ ಜಾಗಕ್ಕೆ ಬಿಸಿಲು ಬಿದ್ದಾಗ ಹೂಗಳು ಎದ್ದುಬರುತ್ತವೆ. ಬೇಲಿಗೂ ಉರುವಲಿಗೂ ಆ ಕೋಲು ಯಾರಿಗೂ ಬೇಡವಾದಾಗ ಆ ಪದ್ಧತಿ ನಿಂತುಹೋಗಿತ್ತು. 1962ರಲ್ಲಿ ಆ ಜಿಲ್ಲೆಯ ನಿಸರ್ಗಪ್ರಿಯರ ಟ್ರಸ್ಟ್ ಕಾಡನ್ನು ಕೊಂಡುಕೊಂಡು ಮತ್ತೆ ಶುರು ಮಾಡಿತು. ಆಲಿವರ್ ರಾಕ್‌ಹ್ಯಾಮ್ ಎಂಬ ವಿದ್ವಾಂಸರು ಈ ಒಂದು ಪುಟ್ಟ ಕಾಡಿನ ಮೇಲೆ 1975ರಲ್ಲಿ ಇಡೀ ಪುಸ್ತಕವನ್ನೇ ಬರೆದರು. 1600ಕ್ಕೂ ಮೊದಲಿನಿಂದ ಕಾಡಾಗಿಯೇ ಉಳಿದುಬಂದ ಜಾಗಕ್ಕೆ ಇಂಗ್ಲೆಂಡಿನಲ್ಲಿ 'ಪುರಾತನ ಕಾಡು' ಎಂಬ ಮರ್ಯಾದೆ ಇದೆ. ಅಂಥ ಮಣ್ಣು ಮತ್ತೆ ಹುಟ್ಟುವುದಿಲ್ಲ. ನೀವು ಹೋಗುತ್ತಿರುವುದು ಪಾರ್ಕಿಗಲ್ಲ, ಅಷ್ಟು ಹಳೆಯ ಮನೆಯೊಂದಕ್ಕೆ ನೆಂಟರಾಗಿ. ನೆಂಟರ ಹಾಗೆಯೇ ನಡೆದುಕೊಳ್ಳಿ.

ನೆಂಟರು ಕೇಳದೆ ಒಳಗೆ ನುಗ್ಗುತ್ತಾರೆಯೇ? ಮರ ಕಂಡಲ್ಲೆಲ್ಲ ನುಗ್ಗುವ ಹಕ್ಕು ಇಂಗ್ಲೆಂಡಿನಲ್ಲಿ ಯಾರಿಗೂ ಇಲ್ಲ. ಕೆಲವು ಕಾಡು ಟ್ರಸ್ಟುಗಳದು, ಎಲ್ಲರಿಗೂ ತೆರೆದಿರುತ್ತದೆ. ಕೆಲವು ರೈತರದು, ಅಲ್ಲಿ ಸಾರ್ವಜನಿಕ ಕಾಲುದಾರಿ ಇದ್ದರೆ ಆ ದಾರಿಯಲ್ಲಿ ಮಾತ್ರ ನಡೆಯಬಹುದು. ಆಕ್ಸ್‌ಫರ್ಡ್ ಪಕ್ಕದ ವೈಥಮ್ ಕಾಡಿಗೆ ಹೋಗಲು ಮೊದಲೇ ಪರವಾನಗಿ ಪಡೆಯಬೇಕು. ಕಂಬದ ಮೇಲೆ ಹಳದಿ ಬಾಣ ಕಂಡರೆ ಅದು ನಡೆಯುವವರ ದಾರಿ. ನೀಲಿ ಬಾಣ ಕಂಡರೆ ಕುದುರೆ, ಸೈಕಲ್ಲುಗಳೂ ಬರುತ್ತವೆ, ಪಕ್ಕಕ್ಕೆ ಸರಿದು ನಿಲ್ಲಿ. ಆರ್ಡ್‌ನನ್ಸ್ ಸರ್ವೆಯವರ ಕಿತ್ತಳೆ ರಟ್ಟಿನ ನಕ್ಷೆಯಲ್ಲಿ ಈ ದಾರಿಗಳೆಲ್ಲ ಹಸಿರು ಗೆರೆತುಂಡುಗಳಾಗಿ ಕಾಣುತ್ತವೆ. ಒಂದು ಪ್ರತಿ ಮನೆಯಲ್ಲಿಟ್ಟುಕೊಳ್ಳಿ, ಮಕ್ಕಳಿಗೆ ಓದಲು ಕಲಿಸಿ. ಕಾಡಿನೊಳಗೆ ಫೋನಿಗೆ ಸಿಗ್ನಲ್ ಸಿಗದಿದ್ದಾಗ ಕೈ ಹಿಡಿಯುವುದು ಆ ಕಾಗದವೇ.

ಕಾರು ನಿಲ್ಲಿಸುವಾಗ ಗೇಟಿಗೆ ಅಡ್ಡ ನಿಲ್ಲಿಸಬೇಡಿ. "ಭಾನುವಾರ ಯಾರು ಬರ್ತಾರೆ, ಹತ್ತು ನಿಮಿಷ ತಾನೇ" ಎನ್ನುತ್ತೀರಿ. ರೈತನಿಗೆ ಭಾನುವಾರವಿಲ್ಲ, ಆಂಬ್ಯುಲೆನ್ಸಿಗೂ ಇಲ್ಲ. ತೆರೆದಿದ್ದ ಗೇಟು ತೆರೆದೇ ಇರಲಿ, ಮುಚ್ಚಿದ್ದನ್ನು ದಾಟಿದ ಮೇಲೆ ಮುಚ್ಚಿ. ಹೇಲಿ ಕಾಡಿನಂಥ ಕಡೆ ಜಿಂಕೆ ಬಾರದಿರಲೆಂದು ಬೇಲಿ ಹಾಕಿರುತ್ತಾರೆ. ನೀವು ಒಂದು ಸಲ ಮರೆತರೂ ಒಳಗೆ ಬಂದ ಜಿಂಕೆ ಎಳೆ ಚಿಗುರನ್ನೆಲ್ಲ ಸವರಿ ಹೋಗುತ್ತದೆ.

ಕಾಡಿಗೆ ಹೋಗುವ ದಾರಿ ಎಷ್ಟೋ ಸಲ ದನ ಮೇಯುವ ಬಯಲನ್ನು ದಾಟಿ ಹೋಗುತ್ತದೆ. ಇಲ್ಲಿ ನಮ್ಮವರಿಗೆ, ಅದರಲ್ಲೂ ಊರಿಂದ ಬಂದ ಹಿರಿಯರಿಗೆ, ಒತ್ತಿ ಹೇಳಬೇಕು. ಹಸು ಕಂಡ ಕೂಡಲೇ ಹತ್ತಿರ ಹೋಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಡಿ. ನಿಮ್ಮ ಭಕ್ತಿ ನನಗೆ ಗೊತ್ತು, ಆದರೆ ಆ ಹಸುವಿಗೆ ನಿಮ್ಮ ಪರಿಚಯವಿಲ್ಲ. ಅವು ಕೊಟ್ಟಿಗೆಯಲ್ಲಿ ಮನೆಮಂದಿಯ ಕೈ ಮೇಲೆ ಬೆಳೆದವಲ್ಲ. ಕರು ಜೊತೆಗಿದ್ದರಂತೂ ಹಾಯಲು ಬರುತ್ತವೆ. ಈ ದೇಶದಲ್ಲಿ ದನ ತುಳಿದು ಸತ್ತವರಿದ್ದಾರೆ. ದೂರದಿಂದಲೇ ಕೈ ಮುಗಿದು, ಓಡದೆ, ಬಳಸಿಕೊಂಡು ಹೋಗಿ. ತಾಯಿ ಕರುವಿನ ನಡುವೆ ಮಾತ್ರ ಯಾವತ್ತೂ ನುಗ್ಗಬೇಡಿ. ಜೊತೆಗೆ ನಾಯಿ ಇದ್ದು ದನ ಅಟ್ಟಿಸಿಕೊಂಡು ಬಂದರೆ ಹಗ್ಗ ಬಿಟ್ಟುಬಿಡಿ, ನಾಯಿ ತನ್ನ ದಾರಿ ನೋಡಿಕೊಳ್ಳುತ್ತದೆ.

ಇನ್ನು ಬಟ್ಟೆಬರೆ. ಫೋಟೋ ಚೆನ್ನಾಗಿ ಬರಲಿ ಎಂದು ರೇಷ್ಮೆ ಸೀರೆ ಉಟ್ಟು, ಬಿಳಿ ಶೂ ಹಾಕಿ ಬಂದವರನ್ನು ಪ್ರತಿ ವರ್ಷ ನೋಡುತ್ತೇನೆ. ಬೇಲಿ ದಾಟಲು ಇಲ್ಲಿ ಮರದ ಮೆಟ್ಟಿಲಿರುತ್ತದೆ, ಸ್ಟೈಲ್ ಎನ್ನುತ್ತಾರೆ. ಮಳೆ ಬಂದ ಮೇಲೆ ಅದು ಪಾಚಿ ಹಿಡಿದ ಬಾವಿಕಟ್ಟೆಯಂತೆ ಜಾರುತ್ತದೆ. ಅಲ್ಲಿ ನೆರಿಗೆ ಹಿಡಿದುಕೊಂಡು ಹತ್ತುವುದು ಅರುವತ್ತರ ಅಮ್ಮನಿಗೆ ಬೇಕೇ? ಚಿನ್ನದ ಸೂಜಿ ಎಂದು ಕಣ್ಣಿಗೆ ಚುಚ್ಚಿಕೊಳ್ಳಲು ಆಗುತ್ತದೆಯೇ? ಉದ್ದ ಪ್ಯಾಂಟು, ಮೊಣಕಾಲಿನವರೆಗಿನ ರಬ್ಬರ್ ಬೂಟು, ಮಳೆಗೆ ಒಂದು ಕೋಟು ಸಾಕು.

ಬೂಟಿನ ಮಾತು ಬಂದಿದ್ದರಿಂದ ಕೆಸರಿನ ಮಾತೂ ಆಗಿಬಿಡಲಿ. ಹೇಲಿ ಕಾಡಿನ ನೆಲ ಜೇಡಿಮಣ್ಣು, ನೀರು ಬಿದ್ದರೆ ಇಳಿಯುವುದೇ ಇಲ್ಲ. ಏಪ್ರಿಲಿನಲ್ಲೂ ದಾರಿ ಗದ್ದೆಯ ಹಾಗಿರುತ್ತದೆ. ಆಗ ನೀವು ಮಾಡುವುದೇನು? ಕೆಸರು ತಪ್ಪಿಸಲು ಅಂಚಿಗೆ ಸರಿಯುತ್ತೀರಿ. ಹಿಂದೆ ಬಂದವರು ನಿಮಗಿಂತ ಇನ್ನೊಂದು ಹೆಜ್ಜೆ ಆಚೆ ಇಡುತ್ತಾರೆ. ಹನಿಹನಿಗೂಡಿದರೆ ಹಳ್ಳ ಎನ್ನುವಂತೆ, ಎರಡು ಅಡಿಯ ದಾರಿ ತಿಂಗಳೊಪ್ಪತ್ತಿನಲ್ಲಿ ಹತ್ತು ಅಡಿಯಾಗುತ್ತದೆ, ಅಷ್ಟಗಲದ ಹೂವೂ ಹೋಗುತ್ತದೆ. ಕೆಸರಿನ ನಡುವೆಯೇ ನಡೆಯಿರಿ. ಬೂಟು ಇರುವುದು ಅದಕ್ಕೇ.

ಆ ಅಂಚಿನಲ್ಲೇ ಬ್ಲೂಬೆಲ್ ಇರುತ್ತದೆ. ಬೀಜ ಮೊಳೆತು ಅದು ಹೂ ಬಿಡಲು ಐದು ವರ್ಷವಾದರೂ ಬೇಕು. ಮರಗಳು ಎಲೆ ತುಂಬಿಕೊಂಡು ನೆರಳು ಮಾಡುವ ಮೊದಲು ಸಿಗುವ ಕೆಲವೇ ವಾರದ ಬಿಸಿಲಿನಲ್ಲಿ, ಇಡೀ ವರ್ಷದ ಊಟವನ್ನು ಎಲೆಗಳು ತಯಾರಿಸಿ ನೆಲದೊಳಗಿನ ಗೆಡ್ಡೆಗೆ ಇಳಿಸಬೇಕು. ನೀವು ಹೂ ತುಳಿಯದೆ ಎಲೆ ಮಾತ್ರ ತುಳಿದಿರಿ ಎಂದುಕೊಳ್ಳಿ. ಜಜ್ಜಿದ ಎಲೆ ಮತ್ತೆ ಏಳುವುದಿಲ್ಲ, ಗೆಡ್ಡೆ ಉಪವಾಸ ಬೀಳುತ್ತದೆ, ಮುಂದಿನ ವರ್ಷ ಅಲ್ಲಿ ಹೂವಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮಗುವನ್ನು ಹೂಗಳ ನಡುವೆ ಕೂರಿಸಿ, ಅಜ್ಜಿಯನ್ನು ಪಕ್ಕಕ್ಕೆ ನಿಲ್ಲಿಸಿ, "ಇನ್ನೂ ಸ್ವಲ್ಪ ಹಿಂದೆ ಹೋಗಿ" ಎಂದು ಕೂಗುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ದಾರಿಯ ಮೇಲೇ ಕುಕ್ಕರಗಾಲಿನಲ್ಲಿ ಕೂತು ಕ್ಯಾಮೆರಾ ತಗ್ಗಿಸಿ ಹಿಡಿಯಿರಿ, ಹೂಗಳ ನಡುವೆ ಕೂತಂತೆಯೇ ಬರುತ್ತದೆ. ಗೆಡ್ಡೆ ಕಿತ್ತು ಮನೆಯ ಹಿತ್ತಲಿಗೆ ತರುವ ಆಸೆಯಂತೂ ಬೇಡ. 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಜಮೀನಿನವರ ಒಪ್ಪಿಗೆ ಇಲ್ಲದೆ ಯಾವ ಕಾಡುಗಿಡವನ್ನೂ ಬುಡಸಮೇತ ಕೀಳುವಂತಿಲ್ಲ. ಹೇಲಿಯಲ್ಲಿ ಬ್ಲೂಬೆಲ್ಲಿಗಿಂತ ಮೊದಲೇ ಆಕ್ಸ್‌ಲಿಪ್ ಎಂಬ ತಿಳಿಹಳದಿ ಹೂ ಅರಳುತ್ತದೆ, ಗೊಂಚಲೆಲ್ಲ ಒಂದೇ ಪಕ್ಕಕ್ಕೆ ತಲೆಬಾಗಿರುತ್ತದೆ. ಇಂಗ್ಲೆಂಡಿನ ಪೂರ್ವದ ಕೆಲವು ಜಿಲ್ಲೆಗಳ ಹಳೆಯ ಕಾಡು ಬಿಟ್ಟರೆ ಅದು ಈ ದೇಶದಲ್ಲಿ ಹೆಚ್ಚುಕಡಿಮೆ ಎಲ್ಲೂ ಇಲ್ಲ. ಜನ ಕಡಿಮೆ ಇರುವ ಏಪ್ರಿಲ್ ಮೊದಲ ವಾರಗಳಲ್ಲೇ ಹೋಗಿ ಅದನ್ನೂ ನೋಡಿ.

ಸೊಪ್ಪು ಕಂಡರೆ ನಮ್ಮ ಕೈ ಸುಮ್ಮನಿರದು. ಕಾಡಿನಲ್ಲಿ ಬೆಳ್ಳುಳ್ಳಿಯ ವಾಸನೆ ಬಂದರೆ ಅದು ಕಾಡುಬೆಳ್ಳುಳ್ಳಿ, ರ‍್ಯಾಮ್ಸನ್ಸ್. ಎಲೆ ತಿನ್ನಬಹುದು ನಿಜ. ಆದರೆ ಅದರ ನಡುನಡುವೆಯೇ ಲಾರ್ಡ್ಸ್ ಅಂಡ್ ಲೇಡೀಸ್ ಎಂಬ ಗಿಡ ಹುಟ್ಟುತ್ತದೆ. ಎಳೆಯದಾಗಿದ್ದಾಗ ಎರಡಕ್ಕೂ ವ್ಯತ್ಯಾಸ ಗುರುತಿಸುವುದು ಕಷ್ಟ. ಲಾರ್ಡ್ಸ್ ಅಂಡ್ ಲೇಡೀಸ್ ನಮ್ಮ ಕೆಸುವಿನ ಕುಲದ್ದು. ಹಸಿ ಕೆಸುವಿನ ಎಲೆ ಬಾಯಿಗಿಟ್ಟವರಿಗೆ ಏನಾಗುತ್ತದೆಂದು ನಾನು ಹೇಳಬೇಕಿಲ್ಲ. ಮೂಸಿ ನೋಡಿ ಕೀಳುತ್ತೇನೆ ಎಂದರೆ, ನಾಲ್ಕು ಎಲೆ ಕಿತ್ತ ಮೇಲೆ ಕೈಯೇ ಬೆಳ್ಳುಳ್ಳಿ ನಾರುತ್ತದೆ, ಆಮೇಲೆ ಎಲ್ಲ ಎಲೆಯೂ ಒಂದೇ. ಬೇಸಿಗೆಯ ಕೊನೆಗೆ ಆ ಕೆಸುವಿನ ಕುಲದ ಗಿಡದಲ್ಲಿ ಕೆಂಪು ಹಣ್ಣಿನ ತೆನೆ ಬರುತ್ತದೆ, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಅಣಬೆಯ ವಿಷಯದಲ್ಲಿ ನನ್ನದು ಒಂದೇ ಮಾತು: ಬೇಡ. ಡೆತ್ ಕ್ಯಾಪ್ ಎಂಬ ಅಣಬೆ ನೋಡಲು ಸಾಧು. ಬೇಯಿಸಿದರೂ ಅದರ ವಿಷ ಹೋಗುವುದಿಲ್ಲ. ತಿಂದ ಎಷ್ಟೋ ಗಂಟೆಯ ಮೇಲೆ ವಾಂತಿ ಶುರುವಾಗುತ್ತದೆ, ಅಷ್ಟರಲ್ಲಿ ವಿಷ ಯಕೃತ್ತಿಗೆ ಇಳಿದಿರುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಮಲೆನಾಡಿನವರಿಗೆ ಉಣ್ಣಿಯ ಬಗ್ಗೆ ಹೇಳುವುದೇ ಬೇಡ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಿಂದ ಬೆಳಕಿಗೆ ಬಂದ ಮಂಗನ ಕಾಯಿಲೆ ಹರಡುವುದೂ ಉಣ್ಣಿಯಿಂದಲೇ. ಅಲ್ಲಿ ಅಷ್ಟು ಎಚ್ಚರವಿದ್ದವರು ಇಲ್ಲಿ ಬಂದು ಚಡ್ಡಿ ಹಾಕಿಕೊಂಡು ಹುಲ್ಲಿನಲ್ಲಿ ಉರುಳುತ್ತೀರಿ. ಇಲ್ಲಿಯ ಉಣ್ಣಿ ಕಚ್ಚಿದರೆ ಕೆಲವೊಮ್ಮೆ ಲೈಮ್ ಎಂಬ ಕಾಯಿಲೆ ಬರುತ್ತದೆ. ಎಳೆ ಉಣ್ಣಿ ಗಸಗಸೆ ಕಾಳಿನಷ್ಟಿರುತ್ತದೆ, ಕಚ್ಚಿದ್ದು ಗೊತ್ತಾಗುವುದಿಲ್ಲ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಳ್ಳಿ. ಮನೆಗೆ ಬಂದ ದಿನವೇ ಮೈಯೆಲ್ಲ ನೋಡಿಕೊಳ್ಳಿ: ಮಂಡಿಯ ಹಿಂದೆ, ತೊಡೆಸಂದು, ಕಂಕುಳು, ಮಕ್ಕಳಿಗಾದರೆ ಕೂದಲಂಚು, ಕಿವಿಯ ಹಿಂದೆ. ಸಿಕ್ಕರೆ ಸುಣ್ಣ, ಎಣ್ಣೆ, ಬೆಂಕಿಕಡ್ಡಿ ಎಂದು ಅಜ್ಜಿಯ ಮದ್ದು ಮಾಡಬೇಡಿ. ಸಣ್ಣ ಮೊನೆಯ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು, ಹಿಚುಕದೆ, ನಿಧಾನವಾಗಿ ಮೇಲಕ್ಕೆ ಎಳೆಯಿರಿ, ಆಮೇಲೆ ಆ ಜಾಗ ಸೋಪಿನಿಂದ ತೊಳೆಯಿರಿ. ದಿನಾಂಕ ಬರೆದಿಡಿ. ಮುಂದಿನ ವಾರಗಳಲ್ಲಿ ಕಚ್ಚಿದ ಕಡೆ ಉಂಗುರದಂತೆ ಹರಡುವ ಗುರುತು ಬಂದರೆ, ಜ್ವರ ಮೈಕೈ ನೋವು ಕಾಡಿದರೆ, ಜಿಪಿ ಡಾಕ್ಟರ ಹತ್ತಿರ ಹೋಗಿ ಕಾಡಿಗೆ ಹೋಗಿದ್ದನ್ನು ಹೇಳಿ. ನಮ್ಮ ಮೈಬಣ್ಣದ ಮೇಲೆ ಆ ಉಂಗುರ ಕೆಂಪಗೆ ಎದ್ದು ಕಾಣದಿರಬಹುದು, ಬೆಳಕಿನಲ್ಲಿ ಗಮನವಿಟ್ಟು ನೋಡಿ. ಬೇಗ ಗೊತ್ತಾದರೆ ಆಂಟಿಬಯೋಟಿಕ್ಕಿನಿಂದ ವಾಸಿಯಾಗುತ್ತದೆ.

ಗಾಳಿ ಜೋರಾಗಿದ್ದ ದಿನ ಕಾಡಿಗೆ ಹೋಗಲೇಬೇಡಿ. ಆಶ್ ಮರಗಳಿಗೆ ಬೂಷ್ಟಿನ ರೋಗವೊಂದು ತಗುಲಿದೆ, 2012ರಲ್ಲಿ ಈ ದೇಶದಲ್ಲಿ ಮೊದಲು ಕಂಡಿತು. ಒಣಗಿದ ಆ ಕೊಂಬೆಗಳು ಯಾವಾಗ ಮುರಿದು ಬೀಳುತ್ತವೆಂದು ಹೇಳಲಾಗದು. ಚಾಪೆ ಹಾಸುವ ಮೊದಲು ತಲೆ ಎತ್ತಿ ಒಮ್ಮೆ ನೋಡಿ. ಡಿಸೆಂಬರಿನಲ್ಲಿ ಹೋದರೆ ನಾಲ್ಕು ಗಂಟೆಗೆಲ್ಲ ಹೊತ್ತು ಮುಳುಗಿರುತ್ತದೆ, ಊಟ ಮುಗಿಸಿ ಮೂರಕ್ಕೆ ಹೊರಡುವ ನಮ್ಮ ಲೆಕ್ಕ ಅಲ್ಲಿ ನಡೆಯದು. ಪುಟ್ಟ ಕಾಡುಗಳಲ್ಲಿ ಶೌಚಾಲಯ ಇರುವುದಿಲ್ಲ. ಸಕ್ಕರೆ ಕಾಯಿಲೆ ಇರುವ ಹಿರಿಯರನ್ನು ಕರೆದೊಯ್ಯುವಾಗ ದಾರಿಯ ಊರಿನಲ್ಲೇ ಮುಗಿಸಿಕೊಂಡು ಹೋಗಿ. ಅವರು ನಾಚಿಕೆಯಿಂದ ಬಾಯಿಬಿಟ್ಟು ಹೇಳುವುದಿಲ್ಲ, ನೀವೇ ತಿಳಿದುಕೊಳ್ಳಬೇಕು.

ಬುತ್ತಿ ಬಿಚ್ಚಿ ಉಣ್ಣಿ, ಬೇಡವೆನ್ನುವುದಿಲ್ಲ. ಆದರೆ ಕಿತ್ತಳೆ ಸಿಪ್ಪೆ "ಗೊಬ್ಬರ ಆಗುತ್ತೆ" ಎಂದು ಎಸೆಯಬೇಡಿ, ಅದು ಕರಗಲು ತಿಂಗಳುಗಟ್ಟಲೆ ಬೇಕು. ಒಲೆ, ಬಾರ್ಬೆಕ್ಯೂ ಯಾವುದೂ ಬೇಡ. ಹಾಡು ಹಾಕುವ ಸ್ಪೀಕರ್ ಕಾರಿನಲ್ಲೇ ಇರಲಿ, ಬ್ಲೂಬೆಲ್ ಅರಳುವ ಹೊತ್ತು ಹಕ್ಕಿಗಳು ಗೂಡು ಕಟ್ಟಿ ಮರಿ ಮಾಡುವ ಕಾಲ. ನಾಯಿಗೆ ಹಗ್ಗ ಇರಲಿ, ಕೆಲವು ಕಾಡುಗಳಲ್ಲಿ ನಾಯಿಗೆ ಪ್ರವೇಶವೇ ಇಲ್ಲ, ಬಾಗಿಲ ಬೋರ್ಡು ಓದಿ. ನಾಯಿಯ ಹೇಲನ್ನು ಚೀಲಕ್ಕೆ ತುಂಬಿ, ಆ ಚೀಲವನ್ನು ಕೊಂಬೆಗೆ ತೂಗುಹಾಕಿ ಬರುವವರೂ ಇದ್ದಾರೆ. ನೀವು ಹಾಗೆ ಮಾಡುವುದಿಲ್ಲ ಎಂದು ನಂಬಿದ್ದೇನೆ. ಎದುರಿಗೆ ಯಾರಾದರೂ ಸಿಕ್ಕರೆ ಮುಖ ತಿರುಗಿಸದೆ "ಮಾರ್ನಿಂಗ್" ಎನ್ನಿ. ಅವರಲ್ಲೊಬ್ಬರು ಆ ಕಾಡಿಗೆ ಪುಕ್ಕಟೆ ಕೆಲಸ ಮಾಡುವವರಾಗಿದ್ದರೆ ಯಾವ ಹೂ ಎಲ್ಲಿದೆ ಎಂದು ತೋರಿಸಿಕೊಡುತ್ತಾರೆ.

ಮನೆಗೆ ಬಂದ ಮೇಲೆ ಬೂಟನ್ನು ಗ್ಯಾರೇಜಿಗೆ ಎಸೆದು ಟೀ ಕುಡಿಯಲು ಕೂರಬೇಡಿ. ಒಂದು ಕಾಡಿನ ಮಣ್ಣಿನಲ್ಲಿ ಮರದ ರೋಗವಿದ್ದರೆ, ಅದು ನಿಮ್ಮ ಬೂಟಿನ ಕಚ್ಚಿನಲ್ಲಿ ಕೂತು ಮುಂದಿನ ಕಾಡಿಗೆ ಹೋಗುತ್ತದೆ. ಹಿತ್ತಲ ನಲ್ಲಿಯ ಕೆಳಗಿಟ್ಟು, ಹಳೆಯ ಬ್ರಷ್ಷಿನಿಂದ ಅಡಿಯೆಲ್ಲ ಉಜ್ಜಿ, ಬೋರಲು ಹಾಕಿ ಪೂರ್ತಿ ಒಣಗಿಸಿಡಿ. ಮಕ್ಕಳ ಬೂಟನ್ನು ಮಕ್ಕಳ ಕೈಯಲ್ಲೇ ತೊಳೆಸಿ.