ಸೆಮಿಸ್ಟರಿನ ವೇಳಾಪಟ್ಟಿ: ಪ್ರಶಿಕ್ಷಣಾರ್ಥಿ ಬರೆಯಬೇಕಾದ ಮೊದಲ ಘಟಕ ಯೋಜನೆ

ಪೀಠಿಕೆ

ಎರಡು ವರ್ಷಗಳ ಹಿಂದೆ ಬೋಧನಾಭ್ಯಾಸದ ಸಮಯದಲ್ಲಿ ಒಂಬತ್ತನೇ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ವೀಕ್ಷಿಸುತ್ತಿದ್ದೆ. ಪಾಠ ಕರ್ನಾಟಕದ ಪ್ರಾಕೃತಿಕ ವಿಭಾಗಗಳು. ಮಲೆನಾಡಿನಲ್ಲಿ ಅಷ್ಟು ಮಳೆ ಬಂದರೆ ಪಕ್ಕದ ಬಯಲುಸೀಮೆಯಲ್ಲಿ ಯಾಕೆ ಬರುವುದಿಲ್ಲ ಎಂದು ಒಬ್ಬ ಹುಡುಗ ಕೇಳಿದ. ಪ್ರಶಿಕ್ಷಣಾರ್ಥಿ ಒಂದು ಕ್ಷಣ ತಡೆದು, "ಅದನ್ನು ಮುಂದೆ ನೋಡೋಣ" ಎಂದು ನಕ್ಷೆಯತ್ತ ತಿರುಗಿದರು. ಪಾಠ ಮುಗಿದ ಮೇಲೆ ನಾನು ಏನೂ ಕೇಳುವ ಮೊದಲೇ ಅವರೇ ಹೇಳಿದರು: "ಸರ್, ನಾನು ಭೂಗೋಳ ಓದಿದ್ದು ಎಸ್.ಎಸ್.ಎಲ್.ಸಿ.ಯಲ್ಲೇ ಕೊನೆ. ನಿನ್ನೆ ರಾತ್ರಿ ಹತ್ತಕ್ಕೆ ಪುಸ್ತಕ ತೆರೆದೆ."

ಅವರು ಸೋಮಾರಿಯಲ್ಲ. ದಿನಕ್ಕೆ ಎರಡೂವರೆ ಗಂಟೆ ಬಸ್ಸಿನಲ್ಲಿ ಕಳೆದು, ಸಂಜೆ ಮನೆಪಾಠ ಹೇಳಿ, ಮನೆಗೆಲಸವನ್ನೂ ಮಾಡುತ್ತಿದ್ದವರು. ತಪ್ಪಿನ ಒಂದು ಪಾಲು ನನ್ನದು. ಮೊದಲ ವಾರವೇ ಅವರ ಕೈಗೆ ಕಾಲೇಜಿನ ವೇಳಾಪಟ್ಟಿ ಕೊಟ್ಟಿದ್ದೆ. ಅವರದೇ ವೇಳಾಪಟ್ಟಿಯನ್ನು ಬರೆಯಿಸಿರಲಿಲ್ಲ. ಮಕ್ಕಳಿಗಾಗಿ ಘಟಕ ಯೋಜನೆ ಬರೆಯಲು ಕಲಿಸುವ ನಾವು, ಪ್ರಶಿಕ್ಷಣಾರ್ಥಿ ತನ್ನ ಸೆಮಿಸ್ಟರನ್ನೂ ಒಂದು ಘಟಕವೆಂದು ಕಾಣಲು ಕಲಿಸುವುದಿಲ್ಲ. ಅದನ್ನು ಮಾಡುವ ಬಗೆ ಇಲ್ಲಿದೆ.

ಒಂದನೇ ಹಂತ: ಬೋಧನಾ ವಿಷಯಗಳ ಆಯ್ಕೆ

ಬಿ.ಇಡ್.ಗೆ ಸೇರಿದವರು ಎರಡು ಬೋಧನಾ ವಿಷಯಗಳನ್ನು ಆರಿಸಿಕೊಳ್ಳಬೇಕು. "ಗೆಳತಿ ತೆಗೆದುಕೊಂಡಳು", "ಅಂಕ ಸುಲಭವಂತೆ" ಎಂಬ ಕಾರಣಗಳನ್ನು ಪ್ರತಿ ವರ್ಷ ಕೇಳುತ್ತೇವೆ. ಅವುಗಳ ಬದಲು ಈ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ.

1. ಪದವಿಯಲ್ಲಿ ನಾನು ಏನು ಓದಿದ್ದೇನೆ? ಶಿಕ್ಷಕರ ನೇಮಕಾತಿಯಲ್ಲಿ ಬಿ.ಇಡ್. ಜೊತೆಗೆ ಪದವಿಯ ವಿಷಯ ಸಂಯೋಜನೆಯನ್ನೂ ನೋಡುತ್ತಾರೆ. ವಿಶ್ವವಿದ್ಯಾಲಯದ ನಿಯಮಾವಳಿಯನ್ನೂ ಇತ್ತೀಚಿನ ನೇಮಕಾತಿ ಅಧಿಸೂಚನೆಯನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದ ನಂತರವೇ ಅರ್ಜಿಯಲ್ಲಿ ವಿಷಯ ಬರೆಯಿರಿ.

2. ಶಾಲೆಯಲ್ಲಿ ಆ ವಿಷಯದ ವ್ಯಾಪ್ತಿ ಎಷ್ಟು? ಪ್ರೌಢಶಾಲೆಯ ಸಮಾಜ ವಿಜ್ಞಾನ ಎಂದರೆ ಇತಿಹಾಸ ಮಾತ್ರವಲ್ಲ. ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಲ್ಲವೂ ಒಂದೇ ವಿಷಯದೊಳಗೆ ಬರುತ್ತವೆ. ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಓದಿದ ಪದವೀಧರರಿಗೆ ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊಸದು. ವಿಜ್ಞಾನದಲ್ಲೂ ಹೀಗೆಯೇ: ಪಿ.ಸಿ.ಎಂ. ಓದಿದವರ ಮುಂದೆ ಶಾಲೆಯಲ್ಲಿ ಜೀವಕೋಶದ ಪಾಠ ಬರಬಹುದು.

3. ಆ ಕೊರತೆಯನ್ನು ತುಂಬಿಕೊಳ್ಳಲು ನನ್ನ ಬಳಿ ಎಷ್ಟು ಗಂಟೆ ಇದೆ? ಇದಕ್ಕೆ ಉತ್ತರ ಎರಡನೇ ಹಂತದಲ್ಲಿ ಸಿಗುತ್ತದೆ. ವಿಷಯದ ಆಯ್ಕೆಯನ್ನೂ ಸಮಯದ ಲೆಕ್ಕವನ್ನೂ ಬೇರೆ ಬೇರೆ ಮಾಡಬಾರದು ಎನ್ನುವುದು ಇದೇ ಕಾರಣಕ್ಕೆ.

ಎರಡನೇ ಹಂತ: ವಾರದ ಗಂಟೆಗಳ ಲೆಕ್ಕ

ವಾರಕ್ಕೆ 168 ಗಂಟೆ. ಎನ್.ಸಿ.ಟಿ.ಇ.ಯ 2014ರ ನಿಯಮಗಳ ಪ್ರಕಾರ ಬಿ.ಇಡ್. ಕಾಲೇಜು ವಾರಕ್ಕೆ ಕನಿಷ್ಠ 36 ಗಂಟೆ ನಡೆಯಬೇಕು. ಮೇಲೆ ಹೇಳಿದ ಪ್ರಶಿಕ್ಷಣಾರ್ಥಿಯೊಂದಿಗೆ ಕುಳಿತು ಮಾಡಿದ ಲೆಕ್ಕ ಹೀಗಿತ್ತು:

ಕಾಲೇಜು: 36 ಗಂಟೆ
ನಿದ್ರೆ, ದಿನಕ್ಕೆ 7ರಂತೆ: 49 ಗಂಟೆ
ಬಸ್ ಪ್ರಯಾಣ, ಆರು ದಿನ: 15 ಗಂಟೆ
ಊಟ, ಸ್ನಾನ, ಮನೆಗೆಲಸ, ದಿನಕ್ಕೆ 4ರಂತೆ: 28 ಗಂಟೆ
ಮನೆಪಾಠ, ಆರು ದಿನ: 9 ಗಂಟೆ
ಒಟ್ಟು: 137 ಗಂಟೆ. ಉಳಿದದ್ದು: 31 ಗಂಟೆ

31 ಎಂದಾಗ ಅವರಿಗೇ ಆಶ್ಚರ್ಯ. "ಇಷ್ಟೊಂದು ಸಮಯ ಎಲ್ಲಿದೆ ಸರ್?" ಎಂದರು. ನಿಜ, ಅದು ಒಟ್ಟಾಗಿ ಇರಲಿಲ್ಲ. ಬಸ್ ನಿಲ್ದಾಣದಲ್ಲಿ ಇಪ್ಪತ್ತು ನಿಮಿಷ, ಅಡುಗೆಗೆ ಮುಂಚೆ ಅರ್ಧ ಗಂಟೆ, ಹೀಗೆ ಚದುರಿತ್ತು. ಒಂದು ಗಂಟೆಗೆ ಕಡಿಮೆಯಿಲ್ಲದ ತುಣುಕುಗಳನ್ನಷ್ಟೇ ಎಣಿಸಿದಾಗ ಸಿಕ್ಕಿದ್ದು 14. ಆರಂಭದ ದಿನಗಳಲ್ಲಿ ಒಂದು ಪಾಠಯೋಜನೆಗೆ ಅವರಿಗೆ ಮೂರು ಗಂಟೆ ಹಿಡಿಯುತ್ತಿತ್ತು. ವಾರಕ್ಕೆ ಐದು ಪಾಠವೆಂದರೆ 15 ಗಂಟೆ. ಹೊಸ ವಿಷಯ ಓದಲು ಒಂದು ಗಂಟೆಯೂ ಉಳಿಯುವುದಿಲ್ಲ. ಆ ದಿನ ಹುಡುಗನ ಪ್ರಶ್ನೆಗೆ ಉತ್ತರ ಸಿಗದಿದ್ದುದಕ್ಕೆ ಕಾರಣ ಈ ಲೆಕ್ಕದಲ್ಲೇ ಇತ್ತು.

ಪರಿಹಾರವೂ ಇಲ್ಲಿಯೇ ಇದೆ. ಉದ್ದನೆಯ ತುಣುಕುಗಳನ್ನು ಪಾಠಯೋಜನೆ ಬರೆಯಲು ಮೀಸಲಿಡಿ. ಚಿಕ್ಕ ತುಣುಕುಗಳಲ್ಲಿ ಪಠ್ಯಪುಸ್ತಕ ಓದಿ. ವಿಷಯಜ್ಞಾನದ ಓದನ್ನು ಬೋಧನಾಭ್ಯಾಸ ಆರಂಭವಾಗುವ ಮೊದಲೇ, ಪಾಠಯೋಜನೆಯ ಒತ್ತಡವಿಲ್ಲದ ವಾರಗಳಲ್ಲಿ ಮುಗಿಸಿ. ಎಂಟರಿಂದ ಹತ್ತರವರೆಗಿನ ಪಠ್ಯಪುಸ್ತಕಗಳಲ್ಲಿ ನೀವು ಪದವಿಯಲ್ಲಿ ಓದದ ಭಾಗಗಳಿಗೆ ಗುರುತು ಹಾಕಿ, ಅಲ್ಲಿಂದಲೇ ತೊಡಗಿ.

ಮೂರನೇ ಹಂತ: ಕ್ರೆಡಿಟ್ ಮತ್ತು ಹಾಜರಾತಿ

ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಎಂದರೆ ವಾರಕ್ಕೆ ಒಂದು ಗಂಟೆಯ ಉಪನ್ಯಾಸ, ಇಲ್ಲವೇ ಎರಡು ಗಂಟೆಯ ಪ್ರಾಯೋಗಿಕ ಕೆಲಸ. ಆದ್ದರಿಂದ "ಎರಡೇ ಕ್ರೆಡಿಟ್" ಎಂದು ಪ್ರಾಯೋಗಿಕ ಪತ್ರಿಕೆಯನ್ನು ಹಗುರವಾಗಿ ಕಾಣಬೇಡಿ. ಅದು ವಾರಕ್ಕೆ ನಾಲ್ಕು ಗಂಟೆ ಕೇಳುತ್ತದೆ.

ಹಾಜರಾತಿಯ ಶೇಕಡಾವಾರನ್ನು ದಿನಗಳಿಗೆ ಇಳಿಸಿ ನೋಡಿ. ವರ್ಷಕ್ಕೆ ಕನಿಷ್ಠ 200 ಕೆಲಸದ ದಿನಗಳು, ಅಂದರೆ ಸೆಮಿಸ್ಟರಿಗೆ ಸುಮಾರು 100. ತರಗತಿ ಮತ್ತು ಪ್ರಾಯೋಗಿಕ ಕೆಲಸಕ್ಕೆ ಶೇ. 80 ಹಾಜರಾತಿ ಬೇಕು. 20 ದಿನ ತಪ್ಪಬಹುದು. ಶಾಲಾ ಇಂಟರ್ನ್‌ಶಿಪ್‌ಗೆ ಶೇ. 90 ಬೇಕು. ವಾರಕ್ಕೆ ಆರು ದಿನವೆಂದರೆ ಮೊದಲ ವರ್ಷದ 4 ವಾರಗಳಲ್ಲಿ 24 ದಿನ. 22 ದಿನ ಹಾಜರಿರಬೇಕು, ತಪ್ಪಬಹುದಾದದ್ದು ಎರಡೇ ದಿನ. ಎರಡನೇ ವರ್ಷದ 16 ವಾರಗಳಲ್ಲಿ 96 ದಿನ. 87 ದಿನ ಹಾಜರಿ ಬೇಕು, ತಪ್ಪಬಹುದಾದದ್ದು ಒಂಬತ್ತು. ಇವು ರಜೆಯಲ್ಲ, ಜ್ವರಕ್ಕೆ, ಮನೆಯ ಕಷ್ಟಕ್ಕೆ ಕೂಡಿಟ್ಟ ದಿನಗಳು. ಊರ ಜಾತ್ರೆಗೂ ನೆಂಟರ ಮದುವೆಗೂ ಮೊದಲೇ ಖರ್ಚು ಮಾಡಿದವರು ಕೊನೆಗೆ ವೈದ್ಯರ ಪ್ರಮಾಣಪತ್ರ ಹಿಡಿದು ಕಚೇರಿಯ ಮುಂದೆ ನಿಲ್ಲುತ್ತಾರೆ.

ನಾಲ್ಕನೇ ಹಂತ: ಕೊನೆಯಿಂದ ಆರಂಭಕ್ಕೆ

16 ವಾರಗಳ ಇಂಟರ್ನ್‌ಶಿಪ್ ಯೋಜನೆಯನ್ನು ಕೊನೆಯ ವಾರದಿಂದ ಹಿಂದಕ್ಕೆ ಬರೆಯಿರಿ.

15 ಮತ್ತು 16ನೇ ವಾರ: ದಾಖಲೆ ಪುಸ್ತಕಗಳನ್ನು ಪೂರ್ಣಗೊಳಿಸಿ ಒಪ್ಪಿಸುವುದು.
13 ಮತ್ತು 14ನೇ ವಾರ: ಘಟಕ ಪರೀಕ್ಷೆ, ಅಂಕಗಳ ವಿಶ್ಲೇಷಣೆ, ಪರಿಹಾರ ಬೋಧನೆ.
12ನೇ ವಾರ: ಪರೀಕ್ಷೆಗೆ ಆರಿಸಿದ ಘಟಕ ಮುಗಿದಿರಬೇಕು, ನೀಲನಕ್ಷೆ ಸಿದ್ಧವಿರಬೇಕು.
4ನೇ ವಾರ: ಕ್ರಿಯಾ ಸಂಶೋಧನೆಯ ಸಮಸ್ಯೆ ನಿರ್ಧಾರವಾಗಿರಬೇಕು. ಪೂರ್ವ ಪರೀಕ್ಷೆ, ಚಟುವಟಿಕೆ, ಉತ್ತರ ಪರೀಕ್ಷೆಗಳಿಗೆ ಇದಕ್ಕಿಂತ ತಡವಾದರೆ ಸಮಯ ಸಾಲದು.
1ನೇ ವಾರ: ವೀಕ್ಷಣೆ, ಮಾರ್ಗದರ್ಶಕ ಶಿಕ್ಷಕರಿಂದ ಪಾಠಗಳ ಹಂಚಿಕೆ.

ಇದರ ಮೇಲೆ ಶಾಲೆಯ ಕ್ಯಾಲೆಂಡರ್ ಇಟ್ಟು ನೋಡಿ. ದಸರಾ ರಜೆ, ಅದರ ಆಸುಪಾಸಿನ ಸಂಕಲನಾತ್ಮಕ ಪರೀಕ್ಷೆ, ಕ್ರೀಡಾಕೂಟ, ಪ್ರತಿಭಾ ಕಾರಂಜಿಯ ದಿನಗಳಲ್ಲಿ ಅವಧಿಗಳು ಸಿಗುವುದು ಕಷ್ಟ. ಜನವರಿಯ ನಂತರ ಹತ್ತನೇ ತರಗತಿಯನ್ನು ಶಾಲೆಯವರು ಸಾಮಾನ್ಯವಾಗಿ ಬಿಟ್ಟುಕೊಡುವುದಿಲ್ಲ. ಎಂಟು, ಒಂಬತ್ತನೇ ತರಗತಿಗಳನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ.

ಶಿಕ್ಷಕ ಶಿಕ್ಷಣಕಾರರಿಗೆ ಒಂದು ಮಾತು

ಇದಕ್ಕೆ ಪ್ರತ್ಯೇಕ ಕಾರ್ಯಾಗಾರ ಬೇಡ. ಮೊದಲ ವಾರದ ಎರಡು ಅವಧಿಗಳು ಸಾಕು. ಮೂರು ಹಾಳೆ ಕೊಡಿ: ವಾರದ ಗಂಟೆಗಳಿಗೊಂದು, ಓದದ ಘಟಕಗಳಿಗೊಂದು, ಹಿಂದಕ್ಕೆ ಬರೆದ ಯೋಜನೆಗೊಂದು. ಅಂಕ ಕೊಡಬೇಡಿ, ಅಂಕ ಕೊಟ್ಟರೆ ಸುಳ್ಳು ಲೆಕ್ಕ ಬರುತ್ತದೆ. ನಾಲ್ಕು ವಾರಕ್ಕೊಮ್ಮೆ ಕೂಡಿ ತಿದ್ದಿ. ಮನೆಗೆಲಸ, ದುಡಿಮೆ, ಪ್ರಯಾಣಗಳ ಕಾಲಮು ನೋಡಿದಾಗ, ನಾವು "ನಿರ್ಲಕ್ಷ್ಯ" ಎಂದು ವೀಕ್ಷಣಾ ಪುಸ್ತಕದಲ್ಲಿ ಬರೆದ ಎಷ್ಟೋ ಸಂಗತಿಗಳಿಗೆ ಬೇರೆ ಹೆಸರಿದೆ ಎಂದು ತಿಳಿಯುತ್ತದೆ.

ಆ ಪ್ರಶಿಕ್ಷಣಾರ್ಥಿ ಎರಡನೇ ವರ್ಷ ಮನೆಪಾಠ ಬಿಡಲಿಲ್ಲ, ಬಿಡುವ ಸ್ಥಿತಿಯೂ ಇರಲಿಲ್ಲ. ಮಾರ್ಗದರ್ಶಕ ಶಿಕ್ಷಕರಿಂದ ಪಾಠದ ಹೆಸರುಗಳನ್ನು ಹತ್ತು ದಿನ ಮೊದಲೇ ಕೇಳಿ ಪಡೆದರು. ಬಸ್ಸಿನಲ್ಲಿ ಭೂಗೋಳ ಓದಿದರು. ಪಶ್ಚಿಮ ಘಟ್ಟಗಳು ಮಳೆ ಮಾರುತಗಳನ್ನು ತಡೆಯುವುದರಿಂದ ಪೂರ್ವಕ್ಕೆ ಮಳೆಯ ನೆರಳಿನ ಪ್ರದೇಶ ಉಂಟಾಗುತ್ತದೆ ಎಂಬುದನ್ನು ಒದ್ದೆ ಬಟ್ಟೆ ಹಿಂಡಿ ತೋರಿಸಿದ ಪಾಠವನ್ನು ನಾನೂ ಕುಳಿತು ನೋಡಿದೆ.

ಅಭ್ಯಾಸ

1. ನಿಮ್ಮ ವಾರದ 168 ಗಂಟೆಗಳನ್ನು ಬರೆದು, ಒಂದು ಗಂಟೆಗೆ ಕಡಿಮೆಯಿಲ್ಲದ ಬಿಡುವಿನ ತುಣುಕುಗಳನ್ನು ಮಾತ್ರ ಎಣಿಸಿ.
2. ನೀವು ಆರಿಸಿದ ಎರಡೂ ಬೋಧನಾ ವಿಷಯಗಳ ಒಂಬತ್ತನೇ ತರಗತಿಯ ಪಠ್ಯಪುಸ್ತಕ ತೆರೆದು, ಪದವಿಯಲ್ಲಿ ಓದದ ಘಟಕಗಳನ್ನು ಪಟ್ಟಿ ಮಾಡಿ.
3. ಆ ಪಟ್ಟಿಗೆ ಎಷ್ಟು ಗಂಟೆ ಬೇಕು? ಮೊದಲ ಪ್ರಶ್ನೆಯ ಉತ್ತರದೊಂದಿಗೆ ಹೋಲಿಸಿ, ಯಾವ ವಾರದಲ್ಲಿ ಯಾವ ಘಟಕ ಓದುವಿರೆಂದು ಬರೆಯಿರಿ.