ಕಂಪನಿಯ ಮನೆಬಾಗಿಲು

ಒಬ್ಬ ಮನುಷ್ಯನನ್ನು ಹುಡುಕಲು ಅವನ ಹೆಸರೊಂದೇ ಸಾಲದು. ಊರು, ಕೇರಿ, ಮನೆ ತಿಳಿದಿರಬೇಕು. ಸಾಲ ಕೊಟ್ಟವನು ಸಾಲಗಾರನ ಮನೆಬಾಗಿಲಿಗೆ ಹೋಗುತ್ತಾನೆ. ನ್ಯಾಯಾಲಯದ ಅಮೀನನು ಸಮನ್ಸನ್ನು ಅಲ್ಲಿಗೇ ಒಯ್ಯುತ್ತಾನೆ. ಆದರೆ ಕೈಕಾಲುಗಳಿಲ್ಲದ, ಉಣ್ಣದ, ಮಲಗದ ವ್ಯಕ್ತಿಯೊಬ್ಬನ ಮೇಲೆ ದೂರಿದ್ದರೆ ಯಾರ ಬಾಗಿಲನ್ನು ತಟ್ಟಬೇಕು?

ಅಂತಹ ವ್ಯಕ್ತಿಗಳು ನಮ್ಮ ನಾಡಿಗೆ ಹೊಸಬರಲ್ಲ. ದೇವಾಲಯದ ದೇವರ ಹೆಸರಿನಲ್ಲಿ ಜಮೀನಿರುತ್ತದೆ. ಕಾನೂನು ಆ ದೇವರನ್ನು ಆಸ್ತಿ ಹೊಂದಬಲ್ಲ ವ್ಯಕ್ತಿಯೆಂದೇ ಎಣಿಸುತ್ತದೆ. ವ್ಯವಹಾರವನ್ನು ನಡೆಸುವವರು ಧರ್ಮದರ್ಶಿಗಳು. ಕಂಪನಿಯೂ ಇಂತಹ ಕಾನೂನಿನ ವ್ಯಕ್ತಿಯೇ. ಲಂಡನ್ನಿನಲ್ಲಿ ಸಾಲೊಮನ್ ಎಂಬ ಪಾದರಕ್ಷೆ ತಯಾರಕನು ತನ್ನ ಉದ್ಯಮವನ್ನು ಕಂಪನಿಯಾಗಿ ಮಾರ್ಪಡಿಸಿದನು. ಅದು ನಷ್ಟಕ್ಕೀಡಾದಾಗ ಅದರ ಸಾಲವನ್ನು ಅವನೇ ತೀರಿಸಬೇಕೆ ಎಂಬ ಪ್ರಶ್ನೆ ಎದ್ದಿತು. ಕಂಪನಿ ಬೇರೆ, ಸಾಲೊಮನ್ ಬೇರೆ ಎಂದು 1896ರಲ್ಲಿ ಅಲ್ಲಿಯ ಉಚ್ಚ ನ್ಯಾಯಪೀಠವಾದ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು.

ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದ ಫಲಕದಲ್ಲಿ ‘ನಿಯಮಿತ’ ಎಂಬ ಪದವನ್ನು ಎಲ್ಲರೂ ಕಂಡಿದ್ದಾರೆ. ಕಂಪನಿಗಳ ಹೆಸರಿನ ಕೊನೆಯ ‘ಲಿಮಿಟೆಡ್’ ಎಂಬುದೂ ಅದೇ ಅರ್ಥದ್ದು. ಸದಸ್ಯನ ಹೊಣೆಗೆ ಒಂದು ಮಿತಿಯುಂಟು ಎಂದು ಅದು ಸಾರುತ್ತದೆ. ಹತ್ತು ಸಾವಿರ ರೂಪಾಯಿಯ ಷೇರನ್ನು ಕೊಂಡು ಹಣವನ್ನು ಪೂರ್ತಿ ಪಾವತಿ ಮಾಡಿದವನು, ಕಂಪನಿ ಮುಳುಗಿದರೆ ಆ ಹತ್ತು ಸಾವಿರವನ್ನು ಕಳೆದುಕೊಳ್ಳುತ್ತಾನೆ. ಅವನ ಮನೆ, ಹೊಲ, ಎತ್ತುಗಳು ಉಳಿಯುತ್ತವೆ. ಈ ರಕ್ಷಣೆಯಿಲ್ಲದಿದ್ದರೆ ಅಪರಿಚಿತರ ಉದ್ಯಮಕ್ಕೆ ಹಣ ತೊಡಗಿಸಲು ಹಲವರು ಹಿಂಜರಿಯುತ್ತಿದ್ದರು. ಆದರೆ ಒಬ್ಬನಿಗೆ ದೊರೆತ ರಕ್ಷಣೆ ಇನ್ನೊಬ್ಬನಿಗೆ ಸಂಕಟವಾಗಬಾರದಷ್ಟೆ.

ಗೌರಿಬಿದನೂರು ತಾಲ್ಲೂಕಿನ ಅಲೀಪುರವು ಹರಳುಗಳಿಗೆ ಹೆಸರಾದ ಊರು. ಒರಟು ಕಲ್ಲನ್ನು ಕೊರೆದು, ಸಾಣೆ ಹಿಡಿದು, ಹೊಳಪೇರಿಸುವ ಕುಶಲಿಗಳು ಅಲ್ಲಿದ್ದಾರೆ. ಅಂತಹ ಕುಶಲಿಯೊಬ್ಬನು ನಗರದ ಕಂಪನಿಯೊಂದಕ್ಕೆ ಹರಳುಗಳನ್ನು ಸಾಲವಾಗಿ ಕೊಟ್ಟನೆಂದು ಭಾವಿಸಬಹುದು. ಗಡುವು ಕಳೆದರೂ ಹಣ ಬರಲಿಲ್ಲ. ಹೋಗಿ ನೋಡಿದರೆ ಅಂಗಡಿಗೆ ಬೀಗ. ಹರಳನ್ನು ಪಡೆದುಕೊಂಡ ನೌಕರನು ಕೆಲಸ ಬಿಟ್ಟಿದ್ದಾನೆ. ಷೇರುದಾರನನ್ನು ಕೇಳಿದರೆ, “ಸಾಲ ನನ್ನದಲ್ಲ, ಕಂಪನಿಯದು” ಎನ್ನುತ್ತಾನೆ. ಕಾನೂನಿನ ದೃಷ್ಟಿಯಲ್ಲಿ ಆ ಮಾತು ಸುಳ್ಳಲ್ಲ. ತಿಂಗಳುಗಟ್ಟಲೆ ಕಣ್ಣು ಬಸಿದು ದುಡಿದವನಿಗೆ ಇನ್ನಾವ ದಾರಿ?

ಈ ಪ್ರಶ್ನೆಗೆ ಉತ್ತರವಾಗಿಯೇ ‘ನೋಂದಾಯಿತ ಕಚೇರಿ’ ಎಂಬ ಏರ್ಪಾಡಿದೆ. 2013ರ ಕಂಪನಿ ಕಾಯಿದೆಯ ಪ್ರಕಾರ ಪ್ರತಿಯೊಂದು ಕಂಪನಿಯೂ ಸ್ಥಾಪನೆಯಾದ 30 ದಿನಗಳೊಳಗೆ ಅಂತಹ ಕಚೇರಿಯನ್ನು ಹೊಂದಿ, ಅದನ್ನು ಸದಾ ಉಳಿಸಿಕೊಂಡಿರಬೇಕು. ಅಲ್ಲಿಗೆ ಬಂದ ಪತ್ರಗಳನ್ನು ಸ್ವೀಕರಿಸಿ, ಸ್ವೀಕೃತಿ ನೀಡುವ ವ್ಯವಸ್ಥೆಯಿರಬೇಕು. ವಿಳಾಸ ಬದಲಾದರೆ ಕಂಪನಿಗಳ ರಿಜಿಸ್ಟ್ರಾರರಿಗೆ 30 ದಿನಗಳೊಳಗೆ ತಿಳಿಸಬೇಕು. ತಪ್ಪಿದರೆ ದಿನಕ್ಕೆ ಒಂದು ಸಾವಿರ ರೂಪಾಯಿಯಂತೆ, ಒಂದು ಲಕ್ಷದವರೆಗೆ ದಂಡವುಂಟು. ರಿಜಿಸ್ಟ್ರಾರರ ದಾಖಲೆಯಲ್ಲಿ ಆ ವಿಳಾಸವನ್ನು ಯಾರು ಬೇಕಾದರೂ ನೋಡಬಹುದು. ಅಲೀಪುರದ ಕುಶಲಿಯು ತನ್ನ ನೋಟೀಸನ್ನು ಅಲ್ಲಿಗೆ ಅಂಚೆಯಲ್ಲಿ ಕಳುಹಿಸಬಹುದು. ‘ನಮಗೆ ತಿಳಿಯದು’ ಎಂಬ ನೆಪ ಕಂಪನಿಗೆ ಸುಲಭವಾಗಿ ದಕ್ಕದು. ದಾವೆಯ ಸಮನ್ಸು ಅಲ್ಲಿಗೆ ತಲುಪಿದ ಮೇಲೂ ಕಂಪನಿ ಹಾಜರಾಗದಿದ್ದರೆ ನ್ಯಾಯಾಲಯವು ಏಕಪಕ್ಷೀಯವಾಗಿ ವಿಚಾರಣೆ ನಡೆಸಿ ತೀರ್ಪು ಕೊಡಬಹುದು. ಹೀಗೆ ಆ ವಿಳಾಸವು ಕೊಡಬೇಕಾದವನಿಗೂ ಪಡೆಯಬೇಕಾದವನಿಗೂ ಸಮಾನವಾಗಿ ಮುಖ್ಯ.

ಕಾಯಿದೆಯ ಇನ್ನೊಂದು ಮಾತು ಗಮನಾರ್ಹ. ಕಂಪನಿಯು ವ್ಯವಹಾರ ನಡೆಸುವ ಪ್ರತಿಯೊಂದು ಸ್ಥಳದ ಹೊರಗೂ ತನ್ನ ಹೆಸರನ್ನೂ ನೋಂದಾಯಿತ ಕಚೇರಿಯ ವಿಳಾಸವನ್ನೂ ಎದ್ದುಕಾಣುವಂತೆ ಬರೆಸಬೇಕು. ಇಂಗ್ಲಿಷ್ ಅಕ್ಷರಗಳು ಆ ಊರಿನ ಬಳಕೆಯಲ್ಲಿಲ್ಲದಿದ್ದರೆ, ಅಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಭಾಷೆಯೊಂದರ ಲಿಪಿಯಲ್ಲಿಯೂ ಬರೆಸಬೇಕು. ಓದಲಾಗದ ವಿಳಾಸ ವಿಳಾಸವೇ ಅಲ್ಲವೆಂಬುದು ಇದರ ಹುರುಳು.

ಕಂಪನಿಗೆ ಕೊಡುವ 21 ಅಕ್ಷರಾಂಕಗಳ ಗುರುತಿನಲ್ಲಿಯೂ ಅದರ ನೆಲೆ ಅಡಗಿದೆ. ಇನ್ಫೋಸಿಸ್ 1981ರಲ್ಲಿ ಪುಣೆಯಲ್ಲಿ ಹುಟ್ಟಿ, 1983ರಲ್ಲಿ ಬೆಂಗಳೂರಿಗೆ ಬಂದಿತು. ಅದರ ಗುರುತಿನಲ್ಲಿ ಕರ್ನಾಟಕವನ್ನು ಸೂಚಿಸುವ ‘ಕೆಎ’ ಎಂಬ ಅಕ್ಷರಗಳೂ 1981 ಎಂಬ ಹುಟ್ಟಿದ ವರ್ಷವೂ ಜೊತೆಜೊತೆಗೇ ನಿಂತಿವೆ.

ಹೊರದೇಶದ ಕಂಪನಿ ಭಾರತದಲ್ಲಿ ನೆಲೆಯೂರಿದರೆ, ತನ್ನ ಪರವಾಗಿ ನೋಟೀಸುಗಳನ್ನು ಸ್ವೀಕರಿಸಲು ಇಲ್ಲಿ ವಾಸಿಸುವ ಒಬ್ಬರ ಹೆಸರನ್ನೂ ವಿಳಾಸವನ್ನೂ ಕೊಡಬೇಕು. ಅಮೆರಿಕದಲ್ಲಿ ಇಂತಹವನಿಗೆ ‘ನೋಂದಾಯಿತ ಪ್ರತಿನಿಧಿ’ ಎಂದು ಹೆಸರು. ಸೀಮಿತ ಹೊಣೆಯ ಕಂಪನಿ ಎಂಬ ರೂಪವನ್ನು ಆ ದೇಶದಲ್ಲಿ 1977ರಲ್ಲಿ ಮೊದಲು ಒಪ್ಪಿದುದು ವಯೋಮಿಂಗ್ ರಾಜ್ಯ. ಇಂದು ಅಲ್ಲಿ ಇಂತಹ ಕಂಪನಿಯನ್ನು ತೆರೆಯುವ ಕನ್ನಡಿಗನೂ ಆಯಾ ರಾಜ್ಯದಲ್ಲಿ ಬೀದಿ, ಮನೆಯ ಸಂಖ್ಯೆಗಳುಳ್ಳ ವಿಳಾಸದ ಪ್ರತಿನಿಧಿಯನ್ನು ಹೆಸರಿಸಬೇಕಾಗುತ್ತದೆ. ಅಂಚೆಪೆಟ್ಟಿಗೆಯ ಸಂಖ್ಯೆ ಸಾಲದು. ಪ್ರತಿನಿಧಿಯು ಕಂಪನಿಯ ಒಡೆಯನಲ್ಲ, ಅದರ ಸಾಲಕ್ಕೆ ಹೊಣೆಯೂ ಅಲ್ಲ. ಬಂದ ಕಾಗದವನ್ನು ಸ್ವೀಕರಿಸಿ ತಡವಿಲ್ಲದೆ ಮುಟ್ಟಿಸುವುದೇ ಅವನ ಕರ್ತವ್ಯ. ಅವನು ಅದನ್ನು ಮರೆತರೆ ಕಂಪನಿಯು ತನಗರಿವಿಲ್ಲದೆಯೇ ಮೊಕದ್ದಮೆಯನ್ನು ಸೋಲಬಹುದು.

ಒಳ್ಳೆಯ ಏರ್ಪಾಡೂ ಬರಿಯ ಶಾಸ್ತ್ರವಾಗುವುದುಂಟು. ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್ ನಗರದಲ್ಲಿ ಒಂದೇ ಒಂದು ಕಟ್ಟಡವು ಎರಡು ಲಕ್ಷಕ್ಕೂ ಹೆಚ್ಚು ಕಂಪನಿಗಳ ವಿಳಾಸವೆಂದು ಹೆಸರಾಗಿದೆ. ಕಾನೂನು ಅದನ್ನು ತಡೆಯದು. ಆದರೆ ಬಾಗಿಲ ಹಿಂದೆ ಯಾರಿದ್ದಾರೆಂಬುದು ಹೊರಗಿನವರಿಗೆ ತಿಳಿಯದು. ಭಾರತದಲ್ಲಿಯೂ ದೀರ್ಘಕಾಲ ಲೆಕ್ಕಪತ್ರ ಒಪ್ಪಿಸದ ಎರಡು ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರುಗಳನ್ನು 2017ರಲ್ಲಿ ದಾಖಲೆಯಿಂದ ತೆಗೆದುಹಾಕಲಾಯಿತು. ಅನಂತರದ ತಿದ್ದುಪಡಿಯು, ಸಂಶಯ ಬಂದಾಗ ನೋಂದಾಯಿತ ಕಚೇರಿಗೆ ಹೋಗಿ ಪರಿಶೀಲಿಸುವ ಅಧಿಕಾರವನ್ನು ರಿಜಿಸ್ಟ್ರಾರರಿಗೆ ಕೊಟ್ಟಿತು.

ಹೊಣೆಗೆ ಮಿತಿಯಿರಬಹುದು, ಉತ್ತರ ಹೇಳಬೇಕಾದ ಕರ್ತವ್ಯದಿಂದ ಬಿಡುಗಡೆಯಿಲ್ಲ. ಬಡ ಸಾಣೆಗಾರನೊಬ್ಬನು ಬಂದು ತಟ್ಟಿದಾಗ ತೆರೆಯುವ ಬಾಗಿಲಿದ್ದರೆ ಮಾತ್ರ ‘ನಿಯಮಿತ’ ಎಂಬ ಪದಕ್ಕೆ ಗೌರವ.

ಅಭ್ಯಾಸ

1. ಕಂಪನಿಯನ್ನು ‘ಕಾನೂನಿನ ವ್ಯಕ್ತಿ’ ಎನ್ನಲು ಕಾರಣವೇನು?
2. “ಸಾಲ ನನ್ನದಲ್ಲ, ಕಂಪನಿಯದು” — ಈ ಮಾತನ್ನು ಯಾರು, ಯಾವ ಸಂದರ್ಭದಲ್ಲಿ ಹೇಳಬಹುದು? ವಿವರಿಸಿ.
3. ನೋಂದಾಯಿತ ಪ್ರತಿನಿಧಿಯ ಕರ್ತವ್ಯವನ್ನೂ ಅದರ ಮಿತಿಯನ್ನೂ ತಿಳಿಸಿ.
4. ನಿಮ್ಮ ಊರಿನ ಸಹಕಾರ ಸಂಘವೊಂದರ ಫಲಕವನ್ನು ನೋಡಿ, ಅದರಲ್ಲಿರುವ ವಿವರಗಳನ್ನು ಬರೆಯಿರಿ.